ನೀರು ಬಂದವ

ನಮ್ಮ ಓಣಿಯ ನಳಕ್ಕೆ ಹೊತ್ತು ಗೊತ್ತು ಇಲ್ಲ. ಯಾದಗಿರಿಯಲ್ಲಿ ಸಂಸಾರ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾರ ಮನೆಯ ನಳ ಮೊದಲು ಗೊರಗೊರ ಸದ್ದು ಮಾಡುತ್ತದೋ ಆ ಮನೆಯಾಕೆ ಬಾಗಿಲಿಗೆ ಬಂದು "ನೀರು ಬಂದವ್ರೀ" ಎಂದು ಒಂದು ಕೂಗು ಹಾಕುತ್ತಾಳೆ. ಮುಂದಿನ ಮನೆಯಾಕೆ ಅದನ್ನೇ ಎತ್ತಿಕೊಂಡು ಅದರ ಮುಂದಿನ ಮನೆಗೆ ದಾಟಿಸುತ್ತಾಳೆ. ಹೀಗೆ ಬಾಗಿಲಿನಿಂದ ಬಾಗಿಲಿಗೆ ನೆಟ್ಟಗೆ ಬರುವ ಕೂಗು ನನ್ನ ಬಾಗಿಲಿಗೆ ಬಂದಾಗ ಮಾತ್ರ ವೇಷ ಬದಲಿಸುತ್ತದೆ. ನಾನು "ನೀರು ಹರಿಯಾಕತ್ತಾವ್ರೀ" ಎನ್ನುತ್ತೇನೆ.

ಮೊನ್ನೆ ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಕೇಳಿಯೇ ಬಿಟ್ಟಳು. "ಯಾಕ್ರಿ ಅಕ್ಕಾರ, ಎಲ್ಲಾರೂ ನೀರು ಬಂದವ ಅಂತಾರ, ನೀವೊಬ್ಬರು ಹರಿಯಾಕತ್ತಾವ ಅಂತೀರಿ?"

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ನನ್ನ ಗಂಡ ಉತ್ತರ ಕೊಟ್ಟರು. "ಕೇಳಬ್ಯಾಡ ತಂಗಿ. ಆಕಿ ಹೇಳಾಕ ಸುರು ಮಾಡಿದ್ರ ನಿನ್ನ ಕೊಡ ತುಂಬಿ, ಅಂಗಳ ತುಂಬಿ, ನಳ ನಿಂತ ಮ್ಯಾಲೂ ಆಕಿ ನಿಂದ್ರಂಗಿಲ್ಲ."

ಹುಡುಗಿ ಜಾಣೆ. ನಕ್ಕು ಕೊಡ ತೆಗೆದುಕೊಂಡು ಒಳಗೆ ಹೋದಳು. ನಿಮ್ಮ ಸೊಂಟದ ಮೇಲೆ ಕೊಡ ಇಲ್ಲವಲ್ಲ, ಕೂತು ಕೇಳಿ.

ನಮ್ಮ ಕಡೆ ನೀರು ಯಾವತ್ತೂ ಒಂದಲ್ಲ, ಬಹಳ. ನೀರು ಬಂತು ಎನ್ನುವುದಿಲ್ಲ, ನೀರು ಬಂದವ ಎನ್ನುತ್ತೇವೆ. ನೀರು ಕಾಣದ ಸೀಮೆಯವರು ನೀರಿಗೆ ಕೊಟ್ಟ ಮರ್ಯಾದೆ ಇರಬಹುದು. ಇನ್ನು ನಿಜಾಮರ ಕಾಲದಿಂದ ನಮ್ಮ ನಾಲಿಗೆಯಲ್ಲಿ ಉಳಿದ 'ಬಂದ್' ಒಂದಿದೆ. ಬಾಗಿಲು ಬಂದ್, ಅಂಗಡಿ ಬಂದ್, ಮಾತು ಬಂದ್. ಕಾಲುವೆಯ ಗೇಟು ಇಳಿಸಿದರೆ ನೀರು ಬಂದ್. ಅದನ್ನು ನಮ್ಮ ರೀತಿಯಲ್ಲಿ ಪೂರ್ತಿ ಹೇಳಿದರೆ 'ನೀರು ಬಂದ್ ಅವ'. ಈಗ ಇವೆರಡನ್ನೂ ದೂರದಿಂದ, ಗಾಳಿಗೆ ಎದುರಾಗಿ, ಕೂಗಿ ನೋಡಿ. ನೀರು ಬಂದವ. ನೀರು ಬಂದ್ ಅವ. ಒಂದು ನೀರು ಬಂದಿದೆ ಎನ್ನುತ್ತದೆ, ಇನ್ನೊಂದು ನಿಂತಿದೆ ಎನ್ನುತ್ತದೆ. ಕಿವಿಗೆ ಎರಡೂ ಒಂದೇ. ನೀರೇ ಇಲ್ಲದ ಕಾಲದಲ್ಲಿ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ತೊಂದರೆ ಶುರುವಾದದ್ದು ಕಾಲುವೆ ಬಂದ ಮೇಲೆ.

ನಾನು ಹೈಸ್ಕೂಲಿನಲ್ಲಿದ್ದಾಗ ಕೃಷ್ಣೆಯ ನೀರು ನಮ್ಮ ಹೊಲಗಳ ಕಡೆ ಮುಖ ಮಾಡಿ ಬಹಳ ದಿನವಾಗಿರಲಿಲ್ಲ. ನಮ್ಮೂರು ಶಹಾಪುರಕ್ಕೂ ಸುರಪುರಕ್ಕೂ ನಡುವೆ. ಎರಡೂ ಊರಿನ ಬಸ್ಸಿನವರು ನಮ್ಮನ್ನು ಇನ್ನೊಂದು ಊರಿನ ಪಾಲಿಗೆ ಬಿಟ್ಟು ಮುಂದೆ ಹೋಗುತ್ತಿದ್ದರು. ತೊಗರಿ, ಜೋಳ ಬಿಟ್ಟು ಬೇರೆ ಕಾಣದ ಎರೆ ಹೊಲಗಳ ನಡುವೆ ದೊಡ್ಡ ಕಾಲುವೆಯಿಂದ ಒಡೆದ ಮರಿ ಕಾಲುವೆಯೊಂದು ಹಾದು ಬಂದಿತ್ತು. ನೀರನ್ನು ಸರದಿಯ ಮೇಲೆ ಬಿಡುತ್ತಿದ್ದರು. ಕೆಲವು ದಿನ ಚಾಲೂ, ಕೆಲವು ದಿನ ಬಂದ್. ಊರಿನಲ್ಲಿ ಇಬ್ಬರು ಎದುರಾದರೆ ಊಟ ಆಯಿತೇ ಎಂದು ಕೇಳುವ ಬದಲು ನೀರಿನ ಸುದ್ದಿ ಕೇಳುವ ಕಾಲ ಅದು.

ನನ್ನ ಹೆಸರು ಶರಣಮ್ಮ. ಶಾಲೆಯಲ್ಲಿ ಮಾತ್ರ ಎಲ್ಲರಿಗೂ ರೇಡಿಯೋ ಶರಣಿ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ನನ್ನ ಪ್ರಸಾರ ಶುರುವಾದರೆ ಸಂಜೆ ಗಂಟೆ ಹೊಡೆಯುವವರೆಗೂ ನಡೆಯುತ್ತಿತ್ತು. ಪರೀಕ್ಷೆಯಲ್ಲಿ ನನ್ನನ್ನು ಬೇರೆ ಕೂರಿಸುತ್ತಿದ್ದದ್ದು ನಕಲು ಮಾಡುತ್ತೇನೆಂದಲ್ಲ, ಉತ್ತರ ಬರೆಯುವಾಗ ಗಟ್ಟಿಯಾಗಿ ಹೇಳಿಕೊಳ್ಳುತ್ತೇನೆಂದು. ಇಂಥ ನನಗೆ ಒಂದು ಇಡೀ ದಿನ ಬಾಯಿ ಮುಚ್ಚಿಕೊಂಡಿರುವ ವ್ರತ ಗಂಟುಬಿತ್ತು. ಅದಕ್ಕೆ ಕಾರಣ ಚನ್ನಪ್ಪ ಮಾಸ್ತರರು.

ಚನ್ನಪ್ಪ ಮಾಸ್ತರರು ನಮ್ಮ ಸ್ಕೌಟ್ ಮಾಸ್ತರರು. ತೆಳ್ಳಗೆ, ಉದ್ದಗೆ, ಖಾಕಿ ಚಡ್ಡಿ. ಆ ಚಡ್ಡಿ ಎಷ್ಟು ಗಂಜಿ ಕುಡಿದಿರುತ್ತಿತ್ತೆಂದರೆ ಅವರು ಎಡಕ್ಕೆ ತಿರುಗಿದ ಮೇಲೂ ಅದು ಸ್ವಲ್ಪ ಹೊತ್ತು ನೇರವೇ ನೋಡುತ್ತಿತ್ತು. ಅವರು ಎಲ್ಲಿಯದೋ ಶಿಬಿರಕ್ಕೆ ಹೋಗಿ ಬಂದವರು ನಮ್ಮ ಶಾಲೆಯ ಸ್ಕೌಟುಗಳ ನಡುವೆ ಒಂದು ಗೌರವದ ಗುಂಪು ಕಟ್ಟಿದರು. ಪಟ್ಟಿ ಬಳಗ ಎಂದು ಅದರ ಹೆಸರು. ಸೇರಿದವರಿಗೆ ಹೆಗಲಿನಿಂದ ಸೊಂಟಕ್ಕೆ ಅಡ್ಡ ಬರುವ ಬಿಳಿ ಬಟ್ಟೆಯ ಪಟ್ಟಿ, ಅದರ ನಡುವೆ ಒಂದು ಕೆಂಪು ಗೆರೆ. ಹಬ್ಬ ಹರಿದಿನಕ್ಕೆ, ಬಾವುಟ ಏರಿಸುವ ದಿನ, ಊರಿಗೆ ಯಾರಾದರೂ ದೊಡ್ಡವರು ಬಂದಾಗ ಪಟ್ಟಿಯವರು ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದರು. ಹಿಂದಿನ ಸಾಲಿನವರಿಗೆ ಅವರ ಬೆನ್ನಿನ ಕೆಂಪು ಗೆರೆ ನೋಡುವುದೇ ಕೆಲಸ.

ಅದನ್ನು ಸೇರುವ ರೀತಿ ವಿಚಿತ್ರವಾಗಿತ್ತು. ನಾನು ಸೇರುತ್ತೇನೆ ಎಂದು ಯಾರೂ ಕೇಳುವ ಹಾಗಿಲ್ಲ. ಪಟ್ಟಿ ಇದ್ದವರು ಇವನನ್ನು ತೆಗೆದುಕೊಳ್ಳೋಣ ಎನ್ನುವ ಹಾಗೂ ಇಲ್ಲ. ಯಾರಿಗೆ ಪಟ್ಟಿ ಇಲ್ಲವೋ ಅವರು ಮಾತ್ರ ವೋಟು ಹಾಕಬೇಕು. "ಒಳಗಿನವರು ಆರಿಸಿದ್ರ ತಮ್ಮ ಗೆಳೆಯಾರನ್ನ ಆರಸ್ತಾರ. ಹೊರಗ ನಿಂತವರಿಗೆ ಯಾರು ಏನು ಅಂತ ಖರೇ ಗೊತ್ತಿರ್ತದ" ಎನ್ನುತ್ತಿದ್ದರು ಮಾಸ್ತರರು. ವೋಟಿಗೆ ಒಂದು ಮಣ್ಣಿನ ಗಡಿಗೆ. ಒಬ್ಬೊಬ್ಬರದೇ ಹೆಸರು ಕರೆದಾಗ ಉಳಿದವರು ಸಾಲಾಗಿ ಬಂದು ಮುಚ್ಚಿದ ಮುಷ್ಟಿಯನ್ನು ಗಡಿಗೆಯೊಳಗೆ ಬಿಡಬೇಕು. ಬೇಕು ಎಂದರೆ ತೊಗರಿ, ಬೇಡ ಎಂದರೆ ಜೋಳ. ಮೊದಲ ವರ್ಷ ಕಾಳು ಸಣ್ಣವೆಂದು ಶೇಂಗಾ ಇಟ್ಟಿದ್ದರಂತೆ. ಗಡಿಗೆ ಬೋರಲು ಹಾಕಿದರೆ ಬರೀ ಸಿಪ್ಪೆ ಬಿತ್ತಂತೆ. ಆ ವರ್ಷ ಯಾರೂ ಆರಿಸಿ ಬರಲಿಲ್ಲ.

ಆರಿಸಿ ಬಂದವರಿಗೆ ಒಂದು ದಿನದ ಪರೀಕ್ಷೆ. ಬೆಳಗಿನಿಂದ ಹೊತ್ತು ಮುಳುಗುವವರೆಗೆ ಒಂದು ಮಾತೂ ಆಡಬಾರದು. ಒಂದು ರೊಟ್ಟಿ, ನಾವು ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ ಒಂದಿಷ್ಟು, ಅದರ ಮೇಲೆ ನೀರು. ಇಡೀ ದಿನ ಊರಿಗೆ ಉಪಯೋಗ ಬೀಳುವ ಕೆಲಸ ಮಾಡಬೇಕು. ಸಂಜೆ ಎಲ್ಲರ ಎದುರು ಮಾಸ್ತರರು ಒಂದೇ ಪ್ರಶ್ನೆ ಕೇಳುತ್ತಾರೆ: ಮಾತಾಡಿದಿಯೇನು? ಸಾಕ್ಷಿ ಇಲ್ಲ, ವಿಚಾರಣೆ ಇಲ್ಲ. ನೀನು ಹೇಳಿದ್ದೇ ನಿಜ. ಇಲ್ಲ ಎಂದರೆ ಪಟ್ಟಿ, ಹೌದು ಎಂದರೆ ಮುಂದಿನ ವರ್ಷದ ವೋಟು ಕಾಯಬೇಕು.

ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ ನಮ್ಮಜ್ಜಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. "ಬಾಯಿ ಮುಚ್ಚಿ, ಹೊಟ್ಟಿ ಕಟ್ಟಿ, ಪುಕ್ಕಟ ದುಡ್ಯೂದಕ್ಕ ಸಾಲಿಗಿ ಯಾಕ ಹೋಗಬೇಕ? ನಾ ಜಲ್ಮ ಪೂರ್ತಿ ಮನ್ಯಾಗ ಮಾಡೀನಿ. ನನಗ ಯಾವಾನೂ ಪಟ್ಟಿ ಹಾಕಲಿಲ್ಲ."

ಅಲ್ಲಿಯವರೆಗೆ ಪಟ್ಟಿ ಬಳಗ ಗಂಡುಹುಡುಗರದ್ದು. ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದ ವರ್ಷ ಮಾಸ್ತರರು ಹುಡುಗಿಯರ ಹೆಸರನ್ನೂ ಕರೆಯುವುದೆಂದು ಹಟ ಹಿಡಿದರು. ಹೆಡ್ ಮಾಸ್ತರರಿಗೆ ಇಷ್ಟವಿರಲಿಲ್ಲ. ಅವರು ಕೆಟ್ಟವರಲ್ಲ, ಎಲ್ಲದಕ್ಕೂ ಹೆದರುವವರು. ಕೊನೆಗೆ ಒಂದು ಷರತ್ತು ಹಾಕಿ ಒಪ್ಪಿದರು. ಈ ವರ್ಷ ಒಬ್ಬ ಹುಡುಗಿ. ಅವಳು ದಿನ ಪೂರ್ತಿ ಸುಮ್ಮನಿದ್ದರೆ ಮುಂದೆಯೂ ನಡೆಯಲಿ. ಮಾತಾಡಿದರೆ ಅಲ್ಲಿಗೆ ಹುಡುಗಿಯರ ಕಥೆ ಮುಗಿಯಿತು, ಮತ್ತೆ ಯಾರೂ ಹೆಸರು ಎತ್ತಬಾರದು.

ಗಡಿಗೆಯಲ್ಲಿ ನನ್ನ ಹೆಸರಿಗೆ ತೊಗರಿ ತುಂಬಿತು. ನಾನು ಉಬ್ಬಿ ಹೋದೆ. ನನ್ನ ಬೆಂಚಿನ ಗೆಳತಿ ಕಸ್ತೂರಿ ಆ ಉಬ್ಬನ್ನು ಅಲ್ಲಿಯೇ ಇಳಿಸಿದಳು. "ಪ್ರೀತಿಗಿ ಹಾಕೇವಿ ಅಂತ ತಿಳ್ಕೊಬ್ಯಾಡ. ಒಂದಿನ ಕಿವಿಗಿ ಆರಾಮ ಸಿಗ್ತದ ಅಂತ ಅರ್ಧ ಮಂದಿ ಹಾಕ್ಯಾರ." ಆಮೇಲೆ ನನ್ನ ಕೈ ಹಿಡಿದು, ನಗು ಬಿಟ್ಟು, ಮೆಲ್ಲಗೆ ಹೇಳಿದಳು. "ಶರಣಿ, ಒಂದಿನ ತಡಕೋ. ನೀ ಬಾಯಿ ಬಿಟ್ರ ನಮ್ಮೆಲ್ಲಾರ ಬಾಗಲ ಬಂದ್."

ನನ್ನ ಜೊತೆ ಇನ್ನಿಬ್ಬರು ಆರಿಸಿ ಬಂದಿದ್ದರು, ಇಬ್ಬರೂ ನನ್ನ ತರಗತಿಯವರೇ. ಒಬ್ಬ ಕಿರಾಣಿ ಅಂಗಡಿಯವರ ಮಗ ಮಲ್ಲು. ಇನ್ನೊಬ್ಬ ಬಸ್ಯಾ. ಬಸವರಾಜ ಎಂಬ ಪೂರ್ತಿ ಹೆಸರನ್ನು ಅವನು ತಾನೇ ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. ಹಾಜರಿ ಕರೆದರೆ ಕೈ ಎತ್ತುತ್ತಿದ್ದ, ಅಷ್ಟೇ. ಅವನ ಪಕ್ಕ ಕೂತು ನಾನು ಒಂದು ಗಂಟೆ ಮಾತಾಡಿದರೆ ಅವನು ಒಮ್ಮೆ 'ಹೂಂ' ಎನ್ನುತ್ತಿದ್ದ. ಮೌನ ಅವನಿಗೆ ಪರೀಕ್ಷೆಯೇ ಅಲ್ಲ, ರಜೆ. ಆ ದಿನ ಬೆಳಿಗ್ಗೆ ಅವನ ಮುಖ ನೋಡಿ ನನಗೆ ಹೊಟ್ಟೆಕಿಚ್ಚಾಯಿತು.

ಮಾತನ್ನು ಕಟ್ಟಿಹಾಕಲು ನಾನು ಒಂದು ಉಪಾಯ ಮಾಡಿದ್ದೆ. ಒಂದು ಹುಣಸೆ ಬೀಜ ಬಾಯಲ್ಲಿಟ್ಟುಕೊಂಡಿದ್ದೆ. ಮಾತು ನಾಲಿಗೆಗೆ ಬಂದಾಗೆಲ್ಲ ಆ ಬೀಜವನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಕಳಿಸುವುದು. ಶಾಲೆಯ ಅಂಗಳ ದಾಟುವುದರೊಳಗೆ ಬೀಜ ಬಹಳ ಸಲ ಊರು ಬದಲಿಸಿತು. ಗೋಡೆಯ ಮೇಲೆ ಕೂತ ಹುಡುಗರು "ರೇಡಿಯೋ ಸೆಲ್ ಮುಗದಾವಲೇ" ಎಂದು ಕೂಗಿದರು. ಅವರಿಗೆ ಕೊಡಬೇಕಾದ ಉತ್ತರ ನನ್ನ ಗಂಟಲವರೆಗೂ ಬಂದು ವಾಪಸು ಹೋಯಿತು. ಅಂಥ ಚಂದದ ಉತ್ತರ, ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಗೇಟಿನ ಹತ್ತಿರ ಹೆಡ್ ಮಾಸ್ತರರು ನಿಂತಿದ್ದರು. ನನ್ನನ್ನು ನೋಡಿ ಬಹಳ ಮೃದುವಾಗಿ ಕೇಳಿದರು. "ಏನವ್ವ, ನಿನ್ನ ಹೆಸರೇನು?"

ಹೆಸರು ಅವರಿಗೆ ಗೊತ್ತಿತ್ತು. ದಿನವೂ ಬೈಯುವ ಹೆಸರು ಅದು. ದೊಡ್ಡವರು ಕೇಳಿದರೆ ಥಟ್ಟನೆ ಹೇಳಬೇಕೆಂದು ಅಂಗನವಾಡಿಯಿಂದ ಕಲಿಸಿದ್ದಾರೆ. ನಾಲಿಗೆ ಎದ್ದೇ ಬಿಟ್ಟಿತ್ತು. ಹುಣಸೆ ಬೀಜಕ್ಕೆ ಬಡಿದು ನಿಂತಿತು.  ಮೂರು ಬೆರಳು ಹಣೆಗೆ ಹಚ್ಚಿ ಸ್ಕೌಟಿನ ವಂದನೆ ಮಾಡಿದೆ. ಅವರು ಸ್ವಲ್ಪ ಹೊತ್ತು ಕಾದರು. ಆಮೇಲೆ "ಸಂಜೀತನ ನೋಡೋಣು" ಎಂದು ದಾರಿ ಬಿಟ್ಟರು.

ಕೆಲಸ ಮರಿ ಕಾಲುವೆಯಲ್ಲಿ. ಊರ ಹೊರಗೆ ಒಂದು ಬಂಡಿ ದಾರಿ ಕಾಲುವೆಯನ್ನು ದಾಟುತ್ತಿತ್ತು. ದಾರಿಯ ಕೆಳಗೆ ನೀರು ಹಾಯಲು ಒಂದು ಸಿಮೆಂಟಿನ ಪೈಪು ಹಾಕಿದ್ದರು, ಹುಡುಗನೊಬ್ಬ ಅಂಬೆಗಾಲಿಟ್ಟು ತೂರುವಷ್ಟು ದೊಡ್ಡದು. ಅದರೊಳಗೆ ಹೂಳು, ಜಾಲಿ ಮುಳ್ಳು, ತೊಗರಿ ಕಟ್ಟಿಗೆ ಕೂತು ಆಚೆಯ ಹೊಲಗಳಿಗೆ ನೀರು ಹೋಗುತ್ತಿರಲಿಲ್ಲ. ಅದನ್ನು ತೆಗೆಯಬೇಕು. ನೀರು ಇನ್ನೂ ಕೆಲವು ದಿನ ಬಂದ್ ಎಂದು ಮಾಸ್ತರರು ಕೇಳಿಕೊಂಡು ಬಂದಿದ್ದರು. ಬಸ್ಯಾ ಪೈಪಿನೊಳಗೆ ತೂರಿ ಹೂಳು ಕೆದರಿ ಹೊರಗೆ ತಳ್ಳುವುದು, ಮಲ್ಲು ಮತ್ತು ಇಬ್ಬರು ಹಳೆಯ ಪಟ್ಟಿಯವರು ಅದನ್ನು ಬುಟ್ಟಿಗೆ ತುಂಬುವುದು, ನಾನು ಬುಟ್ಟಿ ಹೊತ್ತು ಕಾಲುವೆಯ ಏರಿ ಹತ್ತಿ ಆಚೆಗೆ ಸುರಿಯುವುದು. ನಮ್ಮ ಜೊತೆ ಪಟ್ಟಿಯವರೂ ಆ ದಿನ ಮೌನ. ಮಾತಾಡಬಹುದಾದವರು ಏರಿಯ ಮೇಲೆ ಬೇವಿನ ನೆರಳಲ್ಲಿ ನೀರಿನ ಕೊಡ ಕಾಯುತ್ತ ಕೂತ ಮಾಸ್ತರರು ಒಬ್ಬರೇ. ಮಾತಿಗೆ ಜೊತೆ ಸಿಗದೆ ಅವರೂ ಸುಮ್ಮನಿದ್ದರು.

ಇಷ್ಟು ಜನ ಸೇರಿ ಒಂದು ಮಾತೂ ಇಲ್ಲದ ಕೆಲಸ ನೀವು ನೋಡಿರಲಿಕ್ಕಿಲ್ಲ. ಸಲಿಕೆಯ ಸದ್ದು, ಪೈಪಿನೊಳಗೆ ಬಸ್ಯಾನ ಕೆಮ್ಮು, ಬುಟ್ಟಿಯಿಂದ ಸುರಿದ ಮಣ್ಣು ಉರುಳುವ ಸದ್ದು. ಬಿಸಿಲು ಏರಿತು. ರೊಟ್ಟಿ ತಿಂದೆವು. ನನ್ನೊಳಗೆ ಮಾತು ಹೂಳಿನ ಹಾಗೆ ತುಂಬಿತ್ತು. ಆದರೂ ಒಂದು ಹೊತ್ತಿನಲ್ಲಿ, ನಿಜ ಹೇಳುತ್ತೇನೆ, ನನಗೆ ನನ್ನ ಮೇಲೆ ಗೌರವ ಹುಟ್ಟತೊಡಗಿತು. ಅರ್ಧ ದಿನ ಕಳೆದಿದ್ದೆ. ಕಸ್ತೂರಿಯ ಮುಖ, ಹಿಂದಿನ ಸಾಲಿನಲ್ಲಿ ನಿಂತ ಹುಡುಗಿಯರ ಮುಖ ಕಣ್ಣಿಗೆ ಬಂತು. ಸಂಜೆ ಎಲ್ಲರೆದುರು ಇಲ್ಲ ಎನ್ನುವುದನ್ನು ಮನಸ್ಸಿನಲ್ಲಿಯೇ ಹೇಳಿ ನೋಡಿಕೊಂಡೆ.

ಆಗ ಆಚೆ ದಂಡೆಯ ದೂರದ ದಾರಿಯಲ್ಲಿ ಸೈಕಲ್ಲಿನ ಮೇಲೆ ಒಬ್ಬ ಬಂದ. ಕಾಲುವೆಯ ಗೇಟಿನ ಕಡೆಯಿಂದ ಬರುತ್ತಿದ್ದ. ಗಾಳಿ ಅವನ ಎದುರಿಗೆ. ಒಂದು ಕಾಲು ನೆಲಕ್ಕೆ ಊರಿ ಬಾಯಿಗೆ ಕೈ ಹಚ್ಚಿ ಕೂಗಿದ. "ನೀರು ಬಂದವ! ನೀರು ಬಂದವೋ!"

ಮಾಸ್ತರರು ಎದ್ದು ನಿಂತು ಖುಷಿಯಿಂದ ಕೈ ಎತ್ತಿದರು. ಎಷ್ಟೋ ಹೊತ್ತಿಗೆ ಅವರಿಗೆ ಮಾತಾಡಲು ಒಬ್ಬ ಸಿಕ್ಕಿದ್ದ. "ಹೌದ್ರಿ, ಬಂದ್ ಅವ! ಗೊತ್ತದ! ಅದಕ್ಕ ಕೆಲಸಕ್ಕ ಹಚ್ಚೇವಿ!"

ಅವನಿಗೆ ಏನು ಕೇಳಿಸಿತೋ. ಗೊತ್ತು ಎಂದದ್ದು ಕೇಳಿಸಿರಬೇಕು. ಸರಿ ಎನ್ನುವಂತೆ ಕೈ ಬೀಸಿ ಮುಂದಿನ ಹೊಲದವರಿಗೆ ಸುದ್ದಿ ಮುಟ್ಟಿಸಲು ಸೈಕಲ್ಲು ಹತ್ತಿದ. ಎರಡೂ ಕಡೆಯವರಿಗೆ ಸಮಾಧಾನ. ನನಗೂ ಕೇಳಿಸಿದ್ದು ಬಂದ್ ಅವ ಎಂದೇ. ನಮ್ಮ ಕಣ್ಣೆದುರು ಕಾಲುವೆ ಒಣಗಿ ಬಿದ್ದಿರುವಾಗ ಬೇರೆ ಏನು ಕೇಳಿಸಲು ಸಾಧ್ಯ? ನಾನು ಕೆಳಗಿಳಿದು ಬುಟ್ಟಿ ತುಂಬಿಸಿಕೊಂಡು ಮತ್ತೆ ಏರಿ ಹತ್ತಿದೆ.

ಏರಿಯ ಮೇಲೆ ನಾನು ಮಣ್ಣು ಸುರಿಯುವ ಕಡೆ ನಿಂತವರಿಗೆ ಮಾತ್ರ, ಬೇವಿನ ಕೆಳಗಿನವರಿಗೆ ಅಲ್ಲ, ಮೇಲುಗಡೆ ಜಾಲಿ ಪೊದೆಗಳ ಆಚೆಯ ತಿರುವು ಕಾಣುತ್ತಿತ್ತು. ಅಲ್ಲಿ ಬೆಳ್ಳಕ್ಕಿಗಳು ಹಾರುತ್ತಿದ್ದವು. ಹಾರಿ ಇಳಿದು, ಮತ್ತೆ ಹಾರಿ ಸ್ವಲ್ಪ ಮುಂದೆ ಇಳಿದು, ಸಾಲಾಗಿ ಕಾಲುವೆಯ ಉದ್ದಕ್ಕೂ ನಮ್ಮ ಕಡೆಗೇ ಬರುತ್ತಿದ್ದವು. ಒಣ ಕಾಲುವೆಯಲ್ಲಿ ಅವುಗಳಿಗೆ ಏನು ಕೆಲಸ ಎಂದುಕೊಂಡೆ. ಮರುಗಳಿಗೆ ನೆನಪಾಯಿತು. ಹೊಸ ನೀರು ನುಗ್ಗುವಾಗ ಬಿರುಕಿನೊಳಗಿನ ಹುಳುಗಳು ಹೊರಬಿದ್ದು ಓಡುತ್ತವೆ, ಅವನ್ನು ತಿನ್ನಲು ಬೆಳ್ಳಕ್ಕಿ ನೀರಿನ ಮುಂದೆಯೇ ಬರುತ್ತವೆ. ಕಾಲುವೆ ಬಂದ ಮೇಲೆ ನಮ್ಮೂರ ಮಕ್ಕಳೆಲ್ಲ ನೋಡಿದ್ದ ದೃಶ್ಯ ಅದು. ನೋಡುತ್ತಿದ್ದಂತೆ ತಿರುವಿನಲ್ಲಿ ಕಸ ಕಾಣಿಸಿತು. ನೊರೆ, ಎಲೆ, ಕಟ್ಟಿಗೆ, ಯಾರದೋ ಹರಿದ ಚಪ್ಪಲಿ, ಎಲ್ಲವೂ ಒಂದೇ ಗೋಡೆಯಾಗಿ ತಾನೇ ನಡೆದು ಬರುತ್ತಿತ್ತು. ಅದರ ಹಿಂದೆ ಕೆಂಪು ನೀರು ತುಂಬಿಕೊಂಡು ಬರುತ್ತಿತ್ತು.

ಬಸ್ಯಾ ಪೈಪಿನೊಳಗಿದ್ದ.

ಬಾಯಿ ಬಿಡದೆಯೇ ಕೆಲಸವಾಗುತ್ತದೇನೋ ಎಂದು ನಾನು ಮೊದಲು ಎರಡೂ ಕೈ ಬೀಸಿದೆ. ಮಲ್ಲು ಕೆಳಗಿನಿಂದ ನೋಡಿ, ತಾನೂ ಕೈ ಬೀಸಿದ. ಬುಟ್ಟಿಯನ್ನು ಅವನ ಕಡೆ ಎಸೆದೆ. ಅವನು ಅದನ್ನು ಎತ್ತಿಕೊಂಡು, ಕೈ ಜಾರಿತೆಂದು ತಿಳಿದು, ಹೂಳು ತುಂಬತೊಡಗಿದ. ನನ್ನ ಬಾಯಿ ಬೀಗ ಹಾಕಿದಂತೆ ಬಿಗಿದಿತ್ತು. ಹುಡುಗಿಯರೆಲ್ಲ ಸೇರಿ ಹಾಕಿದ ಬೀಗ ಅದು. ಅದನ್ನು ಒಡೆಯುವಾಗ ನನಗೆ ಅಳು ಬಂತು.

"ನೀರು ಬಂದವ!" ಎಂದು ಒದರಿದೆ.

ಹುಣಸೆ ಬೀಜ ಹಾರಿ ಕಾಲುವೆಗೆ ಬಿತ್ತು. ಮಲ್ಲು ಬೆಚ್ಚಿ ತಲೆ ಎತ್ತಿದ. ಅವನ ಮುಖದಲ್ಲಿ ಹೆದರಿಕೆ, ಆದರೆ ನೀರಿನದಲ್ಲ. ತುಟಿಯ ಮೇಲೆ ಬೆರಳಿಟ್ಟು, ಬ್ಯಾಡ ಬ್ಯಾಡ ಎಂದು ತಲೆ ಆಡಿಸಿದ. ಪಟ್ಟಿಯವರಿಬ್ಬರೂ ತುಟಿಗೆ ಬೆರಳಿಟ್ಟರು. ನನ್ನ ಮಾನ ಉಳಿಸಲು ಮೂವರೂ ಬೇಡಿಕೊಳ್ಳುತ್ತಿದ್ದರು. ಬೇವಿನ ಕೆಳಗಿಂದ ಮಾಸ್ತರರು ಗಾಬರಿಯಾಗಿ ಎದ್ದರು. "ಶರಣಮ್ಮ! ಬಾಯಿ! ಬಂದ್ ಅವ ಅಂತ ನಮಗೂ ಗೊತ್ತದ, ಬಾಯಿ ಮುಚ್ಚು!"

"ಬಂದವ್ರೀ ಸರ್! ನೀರು ಬಂದವ್ರೀ!"

ನಾನು ಎಷ್ಟು ಒದರಿದರೂ ನನ್ನ ಮಾತು ಅವರ ಕಿವಿಗೆ ಹೋಗಿ ತಿರುವು ಮುರುವಾಗುತ್ತಿತ್ತು. ಹುಟ್ಟಿದಾಗಿನಿಂದ ಆಡಿದ ಮಾತು, ಬೇಕಾದ ಹೊತ್ತಿಗೆ ಕೈ ಕೊಟ್ಟಿತ್ತು. ರೇಡಿಯೋ ಎನಿಸಿಕೊಂಡವಳಿಗೆ ಎರಡನೆಯ ಮಾತು ಸಿಗಲಿಲ್ಲ. ಬೆಳ್ಳಕ್ಕಿಗಳು ಜಾಲಿ ಪೊದೆ ದಾಟಿದವು. ಅಷ್ಟರಲ್ಲಿ ಪೈಪಿನ ಬಾಯಲ್ಲಿ ಕೆಸರು ಮೆತ್ತಿದ ತಲೆಯೊಂದು ಕಾಣಿಸಿತು. ಬಸ್ಯಾ ಹೊರಗೆ ಬಂದು ನನ್ನನ್ನೇ ನೋಡುತ್ತ ನಿಂತ.

"ಹರಿಯಾಕತ್ತಾವ!" ಎಂದು ಎಲ್ಲಿಂದಲೋ ಬಂತು. "ನೀರು ಹರಿಯಾಕತ್ತಾವ್ರೀ! ಮ್ಯಾಲ ಬರ್ರಿ! ಮ್ಯಾಲ ಬಾರೋ ಬಸ್ಯಾ!"

ಆಗ ಓಡಿದರು. ಮಲ್ಲು ಮೊದಲು, ಪಟ್ಟಿಯವರು ಅವನ ಹಿಂದೆ. ದಂಡೆಯ ಕಲ್ಲುಗಳ ಮೇಲೆ ಹಸಿ ಹೂಳು ಚೆಲ್ಲಿತ್ತು, ಬಸ್ಯಾನ ಕಾಲು ಜಾರಿತು. ಮಾಸ್ತರರು ಏರಿಯಿಂದ ಕೆಳಗೆ ಜಿಗಿದರು. ಕಸದ ಗೋಡೆ ಬಂದು ಅವರಿಬ್ಬರ ಮೊಣಕಾಲಿಗೆ ಬಡಿಯಿತು, ಆಮೇಲೆ ಸೊಂಟಕ್ಕೆ. ಪಟ್ಟಿಯವರು ತಮ್ಮ ಹೆಗಲಿನ ಪಟ್ಟಿ ತೆಗೆದು ಕೆಳಗೆ ಬಿಟ್ಟರು. ಮಲ್ಲು, ನಾನು, ಅವರಿಬ್ಬರು ಸೇರಿ ಎಳೆದೆವು. ನಾವು ಮೇಲೆ ಬಿದ್ದು ಹಿಂತಿರುಗಿ ನೋಡುವಾಗ ಬುಟ್ಟಿ, ಸಲಿಕೆ ಎಲ್ಲ ಪೈಪಿನೊಳಗೆ ಹೋಗಿದ್ದವು. ಪೈಪು ಒಮ್ಮೆ ಗೊಟಕ್ ಎಂದು ನುಂಗಿ, ತುಂಬಿ, ನೀರು ಅದರ ಬಾಯಿ ಮುಚ್ಚಿ ಮೇಲೇರಿತು.

 ಬಸ್ಯಾನ ಹಲ್ಲು ಕಟಕಟ ಎನ್ನುತ್ತಿದ್ದವು. ಅಷ್ಟಾದರೂ ಅವನ ಬಾಯಿಂದ ಒಂದು ಚೀರು ಕೂಡ ಬಂದಿರಲಿಲ್ಲ, ಮಲ್ಲುವಿನದೂ ಇಲ್ಲ. ಮಾಸ್ತರರ ಚಡ್ಡಿ ಮೊದಲ ಸಲ ಅವರ ಕಾಲಿಗೆ ಅಂಟಿಕೊಂಡಿತ್ತು. ಅವರು ಎರಡೂ ಕೈ ಮುಖಕ್ಕೆ ಹಚ್ಚಿಕೊಂಡು ಕೂತಿದ್ದರು. ಕೈ ತೆಗೆದು ನನ್ನ ಕಡೆ ನೋಡಿ ಹೇಳಿದರು. "ಇನ್ನ ನೀ ಮಾತಾಡಬಹುದವ್ವ."

 ಬಸ್ಯಾ ಬದುಕಿದ್ದ, ಅದರ ಸಂತೋಷ ಇತ್ತು. ಆ ಸಂತೋಷದ ಮಗ್ಗುಲಲ್ಲಿಯೇ ಕಸ್ತೂರಿಗೆ ಯಾವ ಮುಖ ತೋರಿಸಲಿ ಎಂಬ ಸಂಕಟ. ಒಳ್ಳೆಯ ಕೆಲಸ ಮಾಡಿದೆ ಎಂದು ಎಷ್ಟು ಹೇಳಿಕೊಂಡರೂ ಸಂಕಟ ಕರಗಲಿಲ್ಲ. ಹದಿವಯಸ್ಸಿನ ಹೃದಯಕ್ಕೆ ಅಷ್ಟು ದೊಡ್ಡ ತಕ್ಕಡಿ ಇರುವುದಿಲ್ಲ.

ಸಂಜೆ ಶಾಲೆಯ ಅಂಗಳದಲ್ಲಿ ಎಲ್ಲರೂ ಸೇರಿದರು. ಸುದ್ದಿ ನಮಗಿಂತ ಮೊದಲೇ ಬಂದಿತ್ತು. ಮೇಜಿನ ಮೇಲೆ ವೋಟಿನ ಗಡಿಗೆ. ಹೊಸ ಪಟ್ಟಿಗಳನ್ನು ಅದರಿಂದಲೇ ತೆಗೆದು ಕೊಡುವುದು ಪದ್ಧತಿ. ಮಾಸ್ತರರು ಮೊದಲು ನನ್ನನ್ನು ಕರೆದರು. ಅವರ ದನಿ ಒಡೆದಿತ್ತು.

"ಶರಣಮ್ಮ, ಮಾತಾಡಿದಿಯೇನು?"

"ಮಾತಾಡೇನ್ರಿ" ಎಂದೆ.

ಹುಡುಗಿಯರ ಸಾಲಿನಲ್ಲಿ ಯಾರೋ ಉಸಿರು ಎಳೆದುಕೊಂಡರು. ಹೆಡ್ ಮಾಸ್ತರರು ಎದ್ದರು. "ಹುಡುಗ ಉಳದಾನ, ದೇವರ ದಯಾ. ಶರಣಮ್ಮಗ ಶಾಬಾಸ್. ಆದ್ರ ನಿಯಮ ಅಂದ್ರ ನಿಯಮ. ನಾ ಮೊದಲ ಹೇಳೇನಿ. ಮುಂದಿನ ವರ್ಷದಿಂದ ಹೆಣ್ಮಕ್ಕಳದು ಬಂದ್." ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾನು ಕಸ್ತೂರಿಯನ್ನು ನೋಡಲಿಲ್ಲ.

ಮಲ್ಲು ಇಲ್ಲ ಎಂದು ಪಟ್ಟಿ ಹಾಕಿಸಿಕೊಂಡ, ತಲೆ ತಗ್ಗಿಸಿ ನಿಂತ. ಬಸ್ಯಾ ಇಲ್ಲ ಎಂದ. ಮಾಸ್ತರರು ಅವನ ಹೆಗಲಿಗೆ ಪಟ್ಟಿ ಹಾಕಿದರು. ಬಸ್ಯಾ ಸಾಲಿಗೆ ಹೋಗಲಿಲ್ಲ. ಅಲ್ಲಿಯೇ ನಿಂತು ಗಂಟಲು ಸರಿ ಮಾಡಿಕೊಂಡ. ಇಡೀ ಶಾಲೆ ಅವನ ಬಾಯಿ ನೋಡಿತು.

"ಸರ್, ಪೈಪಿನ್ಯಾಗ ಮಾತು ತಿಳಿಯಂಗಿಲ್ರಿ. ಬರೇ ದನಿ ಕೇಳ್ತದ. ಆಕಿ ಏನಂದಳು ನನಗ ಗೊತ್ತಿಲ್ರಿ." ನಿಂತ. ಅವನಿಗೆ ಮಾತು ಕಲ್ಲು ಎತ್ತುವ ಕೆಲಸ. "ಬ್ಯಾರೆ ದಿನ ಆಕಿ ಒದರಿದ್ರ ನಾ ಹೊರಗ ಬರ್ತಿದ್ದಿಲ್ರಿ. ಆಕಿ ದಿನಾ ಒದರ್ತಾಳ. ಇವತ್ತ ಆಕಿ ಬಾಯಿ ಬಿಡಂಗಿಲ್ಲ ಅಂತ ನನಗ ಗೊತ್ತಿತ್ತು. ಅಂಥಾಕಿ ಬಾಯಿ ಬಿಟ್ಟಾಳ ಅಂದ್ರ ಏನೋ ಆಗ್ಯಾದ ಅಂತ ಹೊರಗ ಬಂದೀನ್ರಿ." ಮತ್ತೆ ನಿಂತ. "ಆಕಿ ಅಷ್ಟೊತ್ತು ಸುಮ್ಮನಿದ್ದಿದ್ದಕ್ಕ ನಾ ಉಳದೀನ್ರಿ."

ಆಮೇಲೆ ಮಾಸ್ತರರನ್ನು ಕೇಳಿದ. "ಪಟ್ಟಿ ಇದ್ದವರು ವೋಟು ಹಾಕಂಗಿಲ್ಲ ಅಲ್ರಿ?"

"ಇಲ್ಲಪ್ಪ."

ಬಸ್ಯಾ ಆಗಷ್ಟೇ ಹಾಕಿಸಿಕೊಂಡ ಪಟ್ಟಿಯನ್ನು ತಲೆಯ ಮೇಲಿಂದ ತೆಗೆದ. ಅದನ್ನು ಮಡಿಚಿ ಮೇಜಿನ ಮೇಲಿಟ್ಟ. ಅಂಗಿಯ ಕಿಸೆಗೆ ಕೈ ಹಾಕಿ ಏನನ್ನೋ ಹುಡುಕಿದ. ತೊಗರಿ ಸುಗ್ಗಿಯ ದಿನಗಳು, ಎಲ್ಲ ಹುಡುಗರ ಕಿಸೆಯಲ್ಲೂ ಕಾಳು ಇರುತ್ತಿದ್ದವು. ಮುಷ್ಟಿ ಮುಚ್ಚಿಕೊಂಡು ಕೈಯನ್ನು ಗಡಿಗೆಯೊಳಗೆ ಬಿಟ್ಟ. ಖಾಲಿ ಗಡಿಗೆಯ ತಳಕ್ಕೆ ಒಂದು ಕಾಳು ಬಿದ್ದ ಸದ್ದು ಅಂಗಳದ ಕೊನೆಯವರೆಗೂ ಕೇಳಿಸಿತು.

ಹೆಡ್ ಮಾಸ್ತರರು ಗಡಿಗೆಯನ್ನು ನೋಡಿದರು, ಬಸ್ಯಾನನ್ನು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು. "ಮುಂದಿನ ವರ್ಷದ್ದು ಮುಂದಿನ ವರ್ಷ ನೋಡೋಣು" ಎಂದು ಹೇಳಿ ಒಳಗೆ ಹೋದರು. ಬಸ್ಯಾ ಆ ಪಟ್ಟಿಯನ್ನು ಮತ್ತೆ ತೆಗೆದುಕೊಳ್ಳಲೇ ಇಲ್ಲ. ಅವನು ಕೇಳಲಿಲ್ಲ, ಮಾತು ಕಡಿಮೆಯವನು.

ಮರುವರ್ಷ ವೋಟಿನ ದಿನ ಚನ್ನಪ್ಪ ಮಾಸ್ತರರು ಗಡಿಗೆಯನ್ನು ಬಟ್ಟೆ ಮುಚ್ಚಿ ತಂದಿಟ್ಟರು. ಹೊಸ ಗಂಜಿ ಕುಡಿದ ಚಡ್ಡಿ ಬೆಂಚಿಗೆ ತಾಗಿ ಸದ್ದು ಮಾಡಿತು. ಎಲ್ಲರಿಗಿಂತ ಮೊದಲು ನನ್ನ ಹೆಸರು ಕರೆದರು. ಯಾರೂ ಬೇಡ ಎನ್ನಲಿಲ್ಲ. ಹುಡುಗಿಯರು ಸಾಲಾಗಿ ಎದ್ದರು, ಅವರ ಹಿಂದೆ ಹುಡುಗರು, ಪಟ್ಟಿ ಇಲ್ಲದವರ ನಡುವೆ ಬಸ್ಯಾ. ಮೊದಲು ಕೈ ಹಾಕಿದಾಕೆ ಕಸ್ತೂರಿ. ಕೈ ಒಳಗಿಟ್ಟುಕೊಂಡೇ ತಲೆ ಎತ್ತಿದಳು.

"ಸರ್, ಒಳಗ ಆಗಲೇ ಒಂದು ಕಾಳು ಅದ. ತಗೀಲ್ರಿ?"

"ತಗೀಬ್ಯಾಡ" ಎಂದರು ಮಾಸ್ತರರು. "ಅದು ಶರಣಮ್ಮಂದು. ಅಲ್ಲಿಂದ ಎಣಸರಿ."